ಕಣ್ಣಿಗೆ ಬಿದ್ದದ್ದು ಚಿತ್ರವಾಗಲು: ಪ್ರವಾಸದಲ್ಲೂ ದಿನದ ಓಡಾಟದಲ್ಲೂ ವಿಷಯ ಹುಡುಕುವ ಬಗೆ

ಬಾದಾಮಿಗೆ ಚಿತ್ರ ಬರೆಯಲೆಂದೇ ಹೋಗಿದ್ದೆ. ಅಗಸ್ತ್ಯ ತೀರ್ಥದ ಪೂರ್ವದ ದಂಡೆಯಲ್ಲಿ ಭೂತನಾಥ ಗುಡಿ ಇದೆ. ಸಂಜೆ ಬಿಸಿಲು ಬಿದ್ದಾಗ ಗುಡಿಯೂ ಹಿಂದಿನ ಬಂಡೆಯೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಕೆಳಗೆ ನೀರಿನಲ್ಲಿ ಅದೆಲ್ಲ ತಲೆಕೆಳಗಾಗಿ ಕಾಣುತ್ತದೆ. ಬಾದಾಮಿಗೆ ಬಂದವರೆಲ್ಲ ಬರೆಯುವ ನೋಟ ಅದು. ನಾನೂ ಬರೆದೆ, ಮೂರು ಹಾಳೆ ಮುಗಿಸಿದೆ. ರಾತ್ರಿ ಕೋಣೆಗೆ ಬಂದು ಹರಡಿಕೊಂಡು ನೋಡಿದರೆ ಮೂರೂ ಪೋಸ್ಟ್‌ಕಾರ್ಡಿನ ಹಾಗಿದ್ದವು. ಅಳತೆ ಸರಿಯಿತ್ತು, ಬಣ್ಣ ಸರಿಯಿತ್ತು. ಆದರೆ ಅಲ್ಲಿ ನಾನು ಕೂತಿದ್ದೆ ಅನ್ನುವುದಕ್ಕೆ ಹಾಳೆಯಲ್ಲಿ ಯಾವ ಗುರುತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಊರ ಕಡೆಯ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಎದುರಿನ ಗುಡ್ಡ ದಾಟಿ ಸೂರ್ಯ ಮೇಲೆ ಬಂದ. ಒಬ್ಬಾಕೆ ಒದ್ದೆ ಸೀರೆಯನ್ನು ತಲೆಯ ಮೇಲಕ್ಕೆ ಎತ್ತಿ ಕಲ್ಲಿಗೆ ಬಡಿದರು. ಸೀರೆ ಮೇಲೆ ಇದ್ದ ಆ ಅರೆಗಳಿಗೆ ಬೆಳಕು ಅದರ ಹಿಂದಿನಿಂದ ತೂರಿ ಬಂತು. ಹಸಿರು ಬಟ್ಟೆಯೊಳಗೆ ಯಾರೋ ದೀಪ ಹಚ್ಚಿದ ಹಾಗೆ. ಸುತ್ತ ಕೆಂಪು ಕಲ್ಲು, ಹಾರುವ ನೀರಿನ ಹನಿ. ನನ್ನ ಬಾದಾಮಿ ಇದೇ ಅಂತ ಆಗ ಗೊತ್ತಾಯಿತು.

ಬ್ರಷ್ ಹಿಡಿಯಲು ಬರುತ್ತದೆ, ಬಣ್ಣ ಬೆರೆಸಲು ಬರುತ್ತದೆ, ಆದರೆ ಏನು ಬರೆಯಬೇಕೋ ತೋಚುವುದಿಲ್ಲ ಎನ್ನುವವರು ನನಗೆ ತುಂಬ ಮಂದಿ ಸಿಗುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಫೂರ್ತಿ ಅನ್ನುವುದನ್ನು ಕಾಯುತ್ತ ಕೂರಬೇಕಾಗಿಲ್ಲ. ಅದನ್ನು ಹಿಡಿಯುವ ಅಭ್ಯಾಸ ಮಾಡಿಕೊಳ್ಳಬಹುದು. ನಾನು ಜಲವರ್ಣದಲ್ಲಿ ಬರೆಯುವವಳು, ಹಾಗಾಗಿ ಉದಾಹರಣೆಗಳು ಅಲ್ಲಿಂದಲೇ ಬರುತ್ತವೆ. ಆಯಿಲ್‌ನಲ್ಲೋ ಅಕ್ರಿಲಿಕ್‌ನಲ್ಲೋ ಬರೆಯುವವರಿಗೂ ಹೆಜ್ಜೆಗಳು ಇವೇ.

ಚೀಲದಲ್ಲಿ ಏನಿರಬೇಕು

ಜಾಸ್ತಿ ಹೊತ್ತುಕೊಂಡು ಹೋಗಬೇಡಿ. ಚೀಲ ಭಾರವಾದರೆ ಅದು ಕೋಣೆಯಲ್ಲೇ ಉಳಿಯುತ್ತದೆ.

ಎ5 ಅಳತೆಯ ಒಂದು ಸ್ಕೆಚ್ ಪುಸ್ತಕ ಸಾಕು. ಹಾಳೆಯ ದಪ್ಪ ಕಡಿಮೆಯೆಂದರೆ 200 ಜಿಎಸ್‌ಎಂ ಇರಲಿ, 300 ಆದರೆ ಇನ್ನೂ ಒಳ್ಳೆಯದು. ತೆಳು ಹಾಳೆ ನೀರು ತಾಗಿದ ಕೂಡಲೇ ಮುದುಡಿಕೊಳ್ಳುತ್ತದೆ. ಒಂದು 4ಬಿ ಪೆನ್ಸಿಲ್. ಒಣಗಿದ ಮೇಲೆ ನೀರಿಗೆ ಕರಗದ ಶಾಯಿಯ ಒಂದು ಪೆನ್. ಸಾಮಾನ್ಯ ಫೌಂಟನ್ ಪೆನ್ನಿನ ಶಾಯಿಯ ಮೇಲೆ ಬಣ್ಣ ಹಚ್ಚಿದರೆ ಗೆರೆಯೆಲ್ಲ ಹರಡಿಬಿಡುತ್ತದೆ. ಬಣ್ಣ ಎಂಟು ಇದ್ದರೆ ಧಾರಾಳವಾಯಿತು. ಅದರಲ್ಲಿ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ ಈ ಮೂರು ಇರಲೇಬೇಕು. ನಮ್ಮ ನಾಡಿನ ಮಣ್ಣು, ಕಲ್ಲು, ನೆರಳುಗಳಲ್ಲಿ ಮುಕ್ಕಾಲು ಪಾಲು ಈ ಮೂರರಲ್ಲೇ ಸಿಗುತ್ತದೆ. ಕಪ್ಪು ಬೇಡ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಬೆರೆಸಿದರೆ ಕಪ್ಪಿಗಿಂತ ಚೆಂದದ ಗಾಢ ಬಣ್ಣ ಬರುತ್ತದೆ. ನೀಲಿ ಹೆಚ್ಚಾದರೆ ತಂಪು, ಕಂದು ಹೆಚ್ಚಾದರೆ ಬಿಸಿ.

ಎರಡು ಬ್ರಷ್, ಮುಚ್ಚಳ ಗಟ್ಟಿಯಿರುವ ಒಂದು ಚಿಕ್ಕ ನೀರಿನ ಬಾಟಲಿ, ಹಳೇ ಪಂಚೆಯ ಒಂದು ತುಂಡು. ಇನ್ನೊಂದು ವಸ್ತುವನ್ನು ಮನೆಯಲ್ಲೇ ಮಾಡಿಕೊಳ್ಳಿ. ಮದುವೆ ಕರೆಯೋಲೆಯ ಗಟ್ಟಿ ರಟ್ಟಿನಲ್ಲಿ 7 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಕಿಟಕಿ ಕತ್ತರಿಸಿ. ಇದನ್ನು ಕಣ್ಣಿನ ಮುಂದೆ ಹಿಡಿದು ಹಿಂದೆ ಮುಂದೆ ಸರಿಸಿದರೆ ನೋಟದ ಎಷ್ಟು ಭಾಗ ಚಿತ್ರಕ್ಕೆ ಬೇಕು ಅನ್ನುವುದು ತಿಳಿಯುತ್ತದೆ. ಎ5 ಹಾಳೆಯ ಅಳತೆಗೂ ಹೆಚ್ಚುಕಡಿಮೆ ಹೊಂದುತ್ತದೆ.

ಮೊದಲ ಹೆಜ್ಜೆ: ಹತ್ತು ನಿಮಿಷ ಏನೂ ಬರೆಯಬೇಡಿ

ಹಂಪಿಗೆ ಎರಡು ದಿನಕ್ಕೆ ಹೋದವರು ಹನ್ನೆರಡು ಜಾಗ ನೋಡುತ್ತಾರೆ. ಚಿತ್ರ ಬರೆಯುವವರಿಗೆ ಆ ಲೆಕ್ಕ ಆಗುವುದಿಲ್ಲ. ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ, ಬೆಳಿಗ್ಗೆ ಒಂದು, ಸಂಜೆ ಒಂದು. ಹೇಮಕೂಟದ ಬಂಡೆಯ ಮೇಲೆ ಬೆಳಗಿನ ಜಾವ ಕೂತು ನೋಡಿ. ಮೊದಲು ಬೂದಿ, ಆಮೇಲೆ ತಿಳಿ ಗುಲಾಬಿ, ಎಂಟು ಗಂಟೆಯ ಹೊತ್ತಿಗೆ ಬಿಳಿಚು. ಒಂದೇ ಕಲ್ಲು ಅಷ್ಟರಲ್ಲಿ ಮೂರು ಕಲ್ಲಾಗಿರುತ್ತದೆ. ಸುತ್ತಾಡುತ್ತಿದ್ದರೆ ಇದು ಕಾಣುವುದೇ ಇಲ್ಲ.

ಕೂತ ಮೇಲೆ ಹತ್ತು ನಿಮಿಷ ಪುಸ್ತಕ ತೆರೆಯಬೇಡಿ, ಮೊಬೈಲನ್ನೂ ತೆಗೆಯಬೇಡಿ. ಕಣ್ಣು ಎಲ್ಲಿಗೆ ಮತ್ತೆ ಮತ್ತೆ ಹೋಗುತ್ತದೆ ಅಂತ ಗಮನಿಸಿ. ಆಮೇಲೆ ಪುಸ್ತಕ ತೆರೆದು ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ನನ್ನನ್ನು ಇಲ್ಲಿ ನಿಲ್ಲಿಸಿದ್ದು ಏನು?

ಉತ್ತರ ಒಂದೇ ಸಾಲಿನಲ್ಲಿರಲಿ. ಅದರಲ್ಲಿ ಕಣ್ಣಿಗೆ ಕಂಡದ್ದು ಇರಲಿ. ‘ಸಂತೆ ತುಂಬಾ ಚೆನ್ನಾಗಿದೆ’ ಅಂದರೆ ಅದರಿಂದ ಚಿತ್ರ ಹುಟ್ಟುವುದಿಲ್ಲ. ‘ನೀಲಿ ಟಾರ್ಪಾಲಿನ ಕೆಳಗೆ ಎಲ್ಲರ ಮುಖ ನೀಲಿ, ದುಡ್ಡು ತಗೊಳ್ಳಲು ಬಿಸಿಲಿಗೆ ಚಾಚಿದ ಕೈ ಒಂದೇ ಬಂಗಾರ’ ಅಂತ ಬರೆದರೆ ಚಿತ್ರ ಅರ್ಧ ಆಗಿಹೋಯಿತು. ಎಲ್ಲಿ ತಂಪು ಬಣ್ಣ, ಎಲ್ಲಿ ಬಿಸಿ ಬಣ್ಣ, ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು, ಎಲ್ಲವೂ ಆ ಸಾಲಿನಲ್ಲೇ ಇದೆ. ಬಾದಾಮಿಯ ಪುಟದಲ್ಲಿ ನಾನು ಬರೆದುಕೊಂಡಿದ್ದು ಇಷ್ಟು: ‘ಎತ್ತಿದ ಒದ್ದೆ ಸೀರೆಯೊಳಗಿಂದ ಬೆಳಕು ಬರುತ್ತಿದೆ. ಉಳಿದದ್ದೆಲ್ಲ ಕತ್ತಲು.’

ಹೆಸರಾದ ಜಾಗಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ. ಅದೇ ನೋಟವನ್ನು ಸಾವಿರ ಸಲ ಫೋಟೋದಲ್ಲಿ ನೋಡಿರುತ್ತೇವೆ, ಕಣ್ಣು ದಣಿದಿರುತ್ತದೆ. ಆಗ ನಾನು ಬೆನ್ನು ತಿರುಗಿಸಿ ನೋಡುವವರನ್ನೇ ನೋಡುತ್ತೇನೆ. ಹಂಪಿಯ ವಿರೂಪಾಕ್ಷ ಗುಡಿಯ ಒಳಗೆ ಒಂದು ಕತ್ತಲ ಜಾಗವಿದೆ. ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ನೆರಳಿನ ಚಿತ್ರ ಬರೆಯಲು ನನಗೆ ಮನಸ್ಸಾಗಲಿಲ್ಲ. ಅದನ್ನು ನೋಡುತ್ತ, ಕುತ್ತಿಗೆ ವಾಲಿಸಿ ನಿಂತ ಶಾಲೆ ಮಕ್ಕಳ ಸಾಲನ್ನು ಬರೆದುಕೊಂಡೆ. ಎಲ್ಲರ ತಲೆಯೂ ಒಂದೇ ಕಡೆಗೆ ಬಾಗಿತ್ತು.

ಎರಡನೆಯ ಹೆಜ್ಜೆ: ಬೆಂಕಿಪೊಟ್ಟಣದಷ್ಟು ದೊಡ್ಡ ಚಿತ್ರ

ಒಂದು ಪುಟದಲ್ಲಿ ಬೆಂಕಿಪೊಟ್ಟಣದ ಅಳತೆಯ ನಾಲ್ಕು ಚೌಕ ಹಾಕಿ. ಒಂದೊಂದಕ್ಕೂ ಎರಡೇ ನಿಮಿಷ. ಪೆನ್ಸಿಲಿನಲ್ಲಿ ಮೂರೇ ಛಾಯೆ: ಹಾಳೆಯ ಬಿಳಿ, ನಡುವಿನ ಬೂದಿ, ಗಾಢ. ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ವಿವರಗಳೆಲ್ಲ ಕರಗಿ ಈ ಮೂರು ಮಾತ್ರ ಉಳಿಯುತ್ತವೆ. ಮೂಗು, ಕಿಟಕಿ, ಎಲೆ ಯಾವುದನ್ನೂ ಬರೆಯಬೇಡಿ, ಬೆಳಕು ಕತ್ತಲುಗಳ ತುಂಡುಗಳನ್ನಷ್ಟೇ ಹಾಕಿ. ಒಂದು ಚೌಕ ಅಡ್ಡ, ಒಂದು ಉದ್ದ, ಒಂದರಲ್ಲಿ ತೀರಾ ಹತ್ತಿರ, ಒಂದರಲ್ಲಿ ದೂರ. ಆಮೇಲೆ ಮೊದಲು ಬರೆದ ಸಾಲನ್ನು ಓದಿ, ಅದಕ್ಕೆ ಹತ್ತಿರವಾದ ಚೌಕವನ್ನು ಆರಿಸಿ. ಬಾದಾಮಿಯ ನಾಲ್ಕರಲ್ಲಿ ಮೂರರಲ್ಲಿ ಗುಡ್ಡ ಇತ್ತು, ಗುಡಿ ಇತ್ತು. ನಾಲ್ಕನೆಯದರಲ್ಲಿ ಮೆಟ್ಟಿಲು, ಒಬ್ಬ ಹೆಂಗಸು, ಸೀರೆ ಇಷ್ಟೇ. ಅದನ್ನೇ ಆರಿಸಿದೆ.

ಪುಟದ ಮೂಲೆಯಲ್ಲಿ ಬಾಣದ ಗುರುತು ಹಾಕಿ ಬೆಳಕು ಬರುವ ದಿಕ್ಕನ್ನೂ, ಪಕ್ಕದಲ್ಲಿ ಗಂಟೆಯನ್ನೂ ಬರೆದುಬಿಡಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅರ್ಧ ಗಂಟೆ ಕೂತರೆ ನೆರಳುಗಳೆಲ್ಲ ಬೇರೆಯಾಗಿರುತ್ತವೆ. ಮೊದಲು ನೋಡಿದ ನೆರಳನ್ನೇ ಕೊನೆಯವರೆಗೂ ನಂಬಿ. ಸರಿದ ನೆರಳನ್ನು ಹಿಂಬಾಲಿಸಿದರೆ ಒಂದೇ ಹಾಳೆಯಲ್ಲಿ ಎರಡು ಹೊತ್ತು ಕೂತುಬಿಡುತ್ತವೆ.

ಮೂರನೆಯ ಹೆಜ್ಜೆ: ಬಣ್ಣಕ್ಕೆ ನಿಮ್ಮ ಮನೆಯ ಹೆಸರು ಕೊಡಿ

ನನಗೆ ತುಂಬಾ ಇಷ್ಟವಾದ ಕೆಲಸ ಇದು. ಎಲ್ಲ ಕಡೆ ಕೂತು ಬಣ್ಣ ಹಚ್ಚಲು ಆಗುವುದಿಲ್ಲ. ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಮಳೆ ಬರುತ್ತದೆ, ಜೊತೆಗೆ ಬಂದವರು ಹೊರಡೋಣ ಅನ್ನುತ್ತಾರೆ. ಆಗ ಬಣ್ಣಗಳನ್ನು ಮಾತಿನಲ್ಲಿ ಬರೆದುಕೊಳ್ಳಬೇಕು. ‘ಹಸಿರು’ ಅಂತ ಬರೆದರೆ ಮನೆಗೆ ಬಂದ ಮೇಲೆ ಅದು ಯಾವ ಹಸಿರು ಅಂತ ನೆನಪಾಗುವುದಿಲ್ಲ. ಬಾಳೆಯ ಸುಳಿಯ ಹಸಿರೋ, ನುಗ್ಗೆಸೊಪ್ಪಿನ ಹಸಿರೋ, ತಾಮ್ರದ ಚೊಂಬಿಗೆ ಹಿಡಿದ ಕಿಲುಬಿನ ಹಸಿರೋ ಅಂತ ಬರೆದರೆ ವರ್ಷ ಕಳೆದರೂ ಅದು ಕಣ್ಣಮುಂದೆ ಬರುತ್ತದೆ.

ನನ್ನ ಪುಸ್ತಕದಲ್ಲಿ ಇರುವ ಕೆಲವು ಹೆಸರುಗಳು ಇವು. ಬೆಲ್ಲದ ಪಾಕ, ಹಾಲು ಬೆರೆಸದ ಡಿಕಾಕ್ಷನ್, ನೀರು ಮಜ್ಜಿಗೆ, ಹುರಿದ ರವೆ, ಒಡೆದ ನೇರಳೆ ಹಣ್ಣು, ಒಣಗಿದ ಅಡಿಕೆ ಸಿಪ್ಪೆ, ಮಳೆಗೆ ನೆನೆದ ಹಂಚು. ಬಾದಾಮಿಯ ಪುಟದಲ್ಲಿ ‘ಒಣ ಕಲ್ಲು: ಹುರಿದ ಶೇಂಗಾ ಸಿಪ್ಪೆ. ಒದ್ದೆ ಕಲ್ಲು: ಹುಣಸೆಹಣ್ಣಿನ ರಸ. ನೀರು: ಹೆಸರುಬೇಳೆ ತೊಳೆದ ನೀರಿಗೆ ಸ್ವಲ್ಪ ನೀಲಿ’ ಅಂತ ಇದೆ. ನಿಮ್ಮ ಹೆಸರುಗಳು ಬೇರೆ ಇರುತ್ತವೆ, ಇರಬೇಕು. ಸಮಯವಿದ್ದರೆ ಪಕ್ಕದಲ್ಲಿ ಉಗುರಿನಷ್ಟು ಬಣ್ಣ ಹಚ್ಚಿ, ಯಾವ ಯಾವುದನ್ನು ಬೆರೆಸಿದಿರಿ ಅಂತಲೂ ಬರೆಯಿರಿ.

ಫ್ರಾನ್ಸಿನ ಚಿತ್ರಕಾರ ಡೆಲಾಕ್ರ್ವಾ 1832ರಲ್ಲಿ ಮೊರಾಕೊಗೆ ಹೋದಾಗ ಮಾಡಿದ್ದೂ ಇದನ್ನೇ. ಪುಸ್ತಕಗಳ ತುಂಬ ಅವಸರದ ಸ್ಕೆಚ್, ಪಕ್ಕದಲ್ಲೇ ಬಣ್ಣದ ಬಗ್ಗೆ ಟಿಪ್ಪಣಿ. ಇದ್ದದ್ದು ಕೆಲವು ತಿಂಗಳು ಮಾತ್ರ. ಆದರೆ 1863ರಲ್ಲಿ ತೀರಿಕೊಳ್ಳುವವರೆಗೂ ಆ ಪ್ರವಾಸದ ವಿಷಯಗಳನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಒಂದು ಸಲ ಸರಿಯಾಗಿ ನೋಡಿ ಬರೆದಿಟ್ಟುಕೊಂಡದ್ದು ಅಷ್ಟು ವರ್ಷ ಬಂತು.

ಬಣ್ಣದ ಜೊತೆ ಸದ್ದು, ವಾಸನೆಯನ್ನೂ ಒಂದೆರಡು ಪದದಲ್ಲಿ ಬರೆಯಿರಿ. ಅದು ಚಿತ್ರದಲ್ಲಿ ಕಾಣುವುದಿಲ್ಲ ನಿಜ. ಆದರೆ ಎರಡು ವಾರ ಬಿಟ್ಟು ಪುಟ ತೆರೆದಾಗ ‘ಬಟ್ಟೆ ಬಡಿದ ಸದ್ದು ಎದುರಿನ ಬಂಡೆಗೆ ಹೊಡೆದು ವಾಪಸ್ ಬರುತ್ತಿದೆ’ ಅನ್ನುವ ಸಾಲು ನನ್ನನ್ನು ಆ ಮೆಟ್ಟಿಲಿಗೆ ವಾಪಸ್ ಕರೆದುಕೊಂಡು ಹೋಯಿತು.

ನಾಲ್ಕನೆಯ ಹೆಜ್ಜೆ: ಜನರ ಹತ್ತಿರ ಮಾತಾಡಿ

ಕದ್ದು ನೋಡಿ ಬರೆಯುವ ಅಭ್ಯಾಸ ಬೇಡ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಓಡಾಡುವ ಜನರ ಆಕಾರವನ್ನು ಬೇಗ ಬೇಗ ಗೀಚಿಕೊಳ್ಳುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಒಬ್ಬರನ್ನೇ ದಿಟ್ಟಿಸಿ ನೋಡುತ್ತಾ ಬರೆಯುವಾಗ ಕೇಳಲೇಬೇಕು. ಕೇಳಿದರೆ ಬೇಡ ಅನ್ನುತ್ತಾರೆ ಅನ್ನುವ ಹೆದರಿಕೆ ನನಗೂ ಮೊದಲು ಇತ್ತು. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಬೇಡ ಅಂದರೆ ಪುಸ್ತಕ ಮುಚ್ಚಿ ನಮಸ್ಕಾರ ಹೇಳಿ ಎದ್ದುಬಿಡಿ.

ಹೇಗೆ ಕೇಳುವುದು? ಮೊದಲು ವ್ಯಾಪಾರ ಮಾಡಿ. ಹೂವಿನವರ ಹತ್ತಿರ ಒಂದು ಮೊಳ ಮಲ್ಲಿಗೆ ತಗೊಳ್ಳಿ, ಟೀ ಅಂಗಡಿಯಲ್ಲಿ ಟೀ ಕುಡಿಯಿರಿ. ಆಮೇಲೆ ಪುಸ್ತಕ ತೆರೆದು ಹಿಂದಿನ ಪುಟಗಳನ್ನು ತೋರಿಸಿ. ‘ಅಮ್ಮಾ, ನೀವು ಹೂ ಕಟ್ಟೋದನ್ನ ಸ್ವಲ್ಪ ಹೊತ್ತು ಬರ್ಕೊಳ್ಲಾ?’ ಅಂದರೆ ಸಾಕು. ನಿಮ್ಮ ಪಾಡಿಗೆ ಕೆಲಸ ಮಾಡುತ್ತಿರಿ, ನನಗಾಗಿ ಸುಮ್ಮನೆ ಕೂರಬೇಡಿ ಅಂತಲೂ ಹೇಳಿ. ಇಲ್ಲದಿದ್ದರೆ ಫೋಟೋ ತೆಗೆಸಿಕೊಳ್ಳುವ ಹಾಗೆ ಬಿಗಿಯಾಗಿ ಕೂತುಬಿಡುತ್ತಾರೆ, ನಿಮ್ಮನ್ನು ಸೆಳೆದಿದ್ದ ಕೈಯ ಓಟವೇ ನಿಂತುಹೋಗುತ್ತದೆ.

ಬಾದಾಮಿಯ ಮೆಟ್ಟಿಲ ಮೇಲೆ ನಾನು ಕೇಳುವ ಮೊದಲೇ ಒಬ್ಬಾಕೆ ಮಾತಾಡಿಸಿದರು. ‘ಏನ್ ಬರಿಯಾಕತ್ತೀರಿ ಅಕ್ಕಾರ?’ ಪುಟ ತೋರಿಸಿದೆ. ‘ನಮ್ಮ ಅರಿವಿ ಒಗಿಯೂದರಾಗ ಏನೈತ್ರಿ ಚಿತ್ರ ತಗಿಯಾಕ?’ ಅಂದರು. ಸೀರೆ ಎತ್ತಿದಾಗ ಬೆಳಕು ಹೇಗೆ ಬರುತ್ತದೆ ಅಂತ ಹೇಳಿದೆ. ಅವರು ತಿರುಗಿ ತಮ್ಮ ಜೊತೆಯವರ ಕೈಯಲ್ಲಿದ್ದ ಬಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ತಗೀರಿ. ಮಾರಿ ಮಾತ್ರ ಬ್ಯಾಡ್ರಿ’ ಅಂದರು. ಅವರ ಕಡೆ ಮಾರಿ ಅಂದರೆ ಮುಖ.

ಆ ಒಂದು ಮಾತು ನನ್ನ ಚಿತ್ರವನ್ನು ಸರಿಮಾಡಿತು. ಅಲ್ಲಿಯವರೆಗೂ ಮುಖದ ವಿವರ ಬರೆಯುವ ಯೋಚನೆ ನನಗಿತ್ತು. ಬೆಳಕು ಹಿಂದಿನಿಂದ ಬರುತ್ತಿದ್ದರೆ ಮುಖ ಹೇಗೂ ಕತ್ತಲಲ್ಲೇ ಇರುತ್ತದೆ. ಅವರು ಬೇಡ ಅಂದದ್ದೂ, ಕಣ್ಣಿಗೆ ಕಂಡದ್ದೂ ಒಂದೇ ಆಗಿತ್ತು. ಜನರ ಹತ್ತಿರ ಮಾತಾಡಿ ಅನ್ನುವುದು ಬರೀ ಮರ್ಯಾದೆಗಾಗಿ ಅಲ್ಲ. ಅವರ ಮಾತಿನಿಂದ ಚಿತ್ರಕ್ಕೆ ದಾರಿ ಸಿಗುತ್ತದೆ.

ಕರಾವಳಿಗೆ ಹೋದರೆ ಯಕ್ಷಗಾನದ ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗಕ್ಕೆ, ಒಮ್ಮೆ ಹೋಗಿ. ಆಟ ಶುರುವಾಗುವ ಎರಡು ಗಂಟೆ ಮೊದಲೇ ಹೋಗಿ, ಮೇಳದವರ ಒಪ್ಪಿಗೆ ಪಡೆದು ಒಂದು ಮೂಲೆಯಲ್ಲಿ ಕೂರಬೇಕು. ಕಲಾವಿದರು ಕೈಯಲ್ಲಿ ಚಿಕ್ಕ ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳುತ್ತಾರೆ. ತೆಂಕುತಿಟ್ಟು ಅನ್ನುವ ಶೈಲಿಯಲ್ಲಿ ಬಣ್ಣದ ವೇಷದವರು, ಅಂದರೆ ರಕ್ಕಸರ ಪಾತ್ರದವರು, ಮುಖದ ತುಂಬ ಚುಟ್ಟಿ ಅನ್ನುವ ಬಿಳಿ ಚುಕ್ಕೆಗಳನ್ನು ಇಡುವುದನ್ನು ನೋಡುವುದು ಯಾವ ಚಿತ್ರಕಲಾ ಪಾಠಕ್ಕೂ ಕಡಿಮೆಯಿಲ್ಲ. ಅಲ್ಲಿ ಅಡ್ಡಾಡಬಾರದು, ವೇಷದ ಸಾಮಾನು ಮುಟ್ಟಬಾರದು, ಫ್ಲ್ಯಾಶ್ ಹಾಕಬಾರದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರ ನೋಡಿದ್ದೀರಲ್ವಾ? ಕೆಲವೇ ಗೆರೆಯಲ್ಲಿ ಇಡೀ ದೇಹ ಕುಣಿಯುತ್ತದೆ. ಲಯ ಮೈಗೆ ಹತ್ತಲಿ ಅಂತ ಅವರು ಕಥಕ್ ನೃತ್ಯವನ್ನೇ ಕಲಿತಿದ್ದರು.

ಫೋಟೋ ಬಗ್ಗೆ ಒಂದು ಮಾತು

ಫೋಟೋ ತೆಗೆಯಿರಿ, ಆದರೆ ಕೊನೆಯಲ್ಲಿ ತೆಗೆಯಿರಿ. ಮೊದಲೇ ತೆಗೆದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಮೊಬೈಲ್ ಕ್ಯಾಮೆರಾ ನೆರಳನ್ನು ಒಂದೋ ಬರೀ ಕಪ್ಪು ಮಾಡುತ್ತದೆ, ಇಲ್ಲ ಬಲವಂತವಾಗಿ ಬೆಳಗಿಸುತ್ತದೆ. ನಿಜವಾದ ನೆರಳಿನೊಳಗೆ ಆಕಾಶದ ನೀಲಿ ಇರುತ್ತದೆ, ಪಕ್ಕದ ಗೋಡೆಯಿಂದ ಹಾರಿ ಬಂದ ಬಣ್ಣ ಇರುತ್ತದೆ. ಅದು ನಿಮ್ಮ ಟಿಪ್ಪಣಿಯಲ್ಲಿ ಮಾತ್ರ ಸಿಗುತ್ತದೆ. ಬಿಂದಿಗೆಯ ಆಕಾರ, ಕಂಬದ ಕೆತ್ತನೆ, ಗಾಡಿಯ ಚಕ್ರ ಇಂಥ ವಿವರಕ್ಕೆ ಫೋಟೋ ಬೇಕಾಗುತ್ತದೆ, ಅಷ್ಟಕ್ಕೆ ಇಟ್ಟುಕೊಳ್ಳಿ. ಇನ್ನೊಬ್ಬರು ತೆಗೆದ ಫೋಟೋ ನೋಡಿ ಬರೆದದ್ದನ್ನು ನಿಮ್ಮದೆಂದು ಹೇಳಬೇಡಿ.

ಊರು ಬಿಟ್ಟು ಹೋಗಲಾಗದವರಿಗೆ

ಪ್ರವಾಸಕ್ಕೆ ದುಡ್ಡು ಬೇಕು, ರಜೆ ಬೇಕು. ಎಲ್ಲರಿಗೂ ಆಗುವುದಿಲ್ಲ. ನಿಜ ಹೇಳಬೇಕೆಂದರೆ ನನ್ನ ಚಿತ್ರಗಳಲ್ಲಿ ಹೆಚ್ಚಿನವು ಮನೆಯಿಂದ ಒಂದು ಕಿಲೋಮೀಟರಿನೊಳಗೇ ಸಿಕ್ಕವು.

ರುಮಾಲೆ ಚನ್ನಬಸವಯ್ಯನವರನ್ನೇ ನೋಡಿ. 1910ರಲ್ಲಿ ಹುಟ್ಟಿ 1988ರವರೆಗೆ ಬದುಕಿದ್ದ ಅವರು ಬೆಂಗಳೂರಿನ ರಸ್ತೆಗಳನ್ನೂ ಹೂ ಬಿಟ್ಟ ಮರಗಳನ್ನೂ ಬರೆದರು. ಜನ ದಿನವೂ ಕೆಳಗೆ ಹಾದುಹೋಗುವ ಮರಗಳು ಅವು. ಗುಲ್‌ಮೊಹರ್ ಹೂ ಬಿಟ್ಟಾಗ ರಸ್ತೆಯೆಲ್ಲ ಹೇಗೆ ಕೆಂಪಾಗುತ್ತದೆ ಅನ್ನುವುದನ್ನು ನಿಂತು ನೋಡಿದವರು ಎಷ್ಟು ಜನ?

ಏಳು ದಿನದ ಒಂದು ಅಭ್ಯಾಸ ಹೇಳುತ್ತೇನೆ, ಮಾಡಿ ನೋಡಿ. ನೀವು ದಿನವೂ ಹೋಗುವ ಒಂದು ಜಾಗ ಆರಿಸಿ. ಬಸ್‌ಸ್ಟಾಪು, ಹಾಲಿನ ಬೂತು, ದರ್ಶಿನಿಯ ಮುಂದೆ ನಿಂತು ತಿನ್ನುವ ಮೇಜು, ಯಾವುದಾದರೂ ಸರಿ. ದಿನಕ್ಕೆ ಹದಿನೈದು ನಿಮಿಷ, ಒಂದೇ ಹೊತ್ತು. ಮೊದಲ ದಿನ ಆಕಾರ ಮಾತ್ರ. ಎರಡನೆಯ ದಿನ ನೆರಳು ಮಾತ್ರ, ವಸ್ತುಗಳನ್ನು ಬರೆಯಲೇಬಾರದು. ಮೂರನೆಯ ದಿನ ಕೈಗಳು. ನಾಲ್ಕನೆಯ ದಿನ ಹಾಳೆ ನೋಡದೆ, ಪೆನ್ನು ಎತ್ತದೆ ಬರೆಯಿರಿ. ಗೆರೆ ಅಂಕುಡೊಂಕಾಗುತ್ತದೆ, ಆಗಲಿ, ಕಣ್ಣು ಅಂಚನ್ನು ಬಿಡದೆ ಹಿಡಿಯುವುದನ್ನು ಕಲಿಯುತ್ತದೆ. ಸಾಮಾನ್ಯವಾಗಿ ಇಲ್ಲಿಗೆ ಬೇಸರ ಬರುತ್ತದೆ. ನೋಡಿದ್ದೇ ನೋಡುವುದು ಅನ್ನಿಸುತ್ತದೆ. ದಯವಿಟ್ಟು ನಿಲ್ಲಿಸಬೇಡಿ. ಐದನೆಯ, ಆರನೆಯ ದಿನಕ್ಕೇ ಹೊಸದು ಕಾಣುವುದು. ನನಗೆ ನಮ್ಮ ಬಸ್‌ಸ್ಟ್ಯಾಂಡಿನ ಹೂವಿನಮ್ಮ ಮೊಳ ಹಾಕುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವು ಓಡುವ ರೀತಿ ಕಂಡದ್ದು ಆರನೆಯ ದಿನ. ಪ್ರತಿ ಮೊಳಕ್ಕೂ ಕೊನೆಯಲ್ಲಿ ಬೆರಳು ಸ್ವಲ್ಪ ಮುಂದೆ ಚಾಚುತ್ತಿತ್ತು, ಒಂದೆರಡು ಹೂ ಜಾಸ್ತಿ ಬರಲಿ ಅಂತ. ಆ ಚಾಚಿದ ಬೆರಳೇ ಚಿತ್ರವಾಯಿತು. ಏಳನೆಯ ದಿನ ಇವೆಲ್ಲದರಲ್ಲಿ ಒಂದನ್ನು ಆರಿಸಿ ಬಣ್ಣ ಹಚ್ಚಿ.

ಬಣ್ಣ ಕಡಿಮೆ ಇದ್ದರೆ ಕಣ್ಣು ಚುರುಕಾಗುತ್ತದೆ ಅನ್ನುವುದನ್ನು ಮಲೆನಾಡಿನ ದೀವರ ಸಮುದಾಯದವರು ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ನೋಡಬಹುದು. ಗೋಡೆಗೆ ಕೆಮ್ಮಣ್ಣು. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕಪ್ಪಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ಷಿನ ಬದಲು ಪುಂಡಿ ನಾರು. ವಿಷಯಗಳೆಲ್ಲ ಸುತ್ತಲಿನ ಬದುಕಿನವೇ: ಭತ್ತದ ತೆನೆ, ಮದುವೆಯ ದಂಡಿಗೆ, ಹಕ್ಕಿ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರುತ್ತದೆ. ಸಾಗರದ ಕಡೆ ಒಬ್ಬ ಅಜ್ಜಿ ಬುಟ್ಟಿಗೆ ಗೆರೆ ಎಳೆಯುವುದನ್ನು ಅರ್ಧ ದಿನ ನೋಡಿ ಬಂದ ಮೇಲೆ ನಾನು ಒಂದು ತಿಂಗಳು ಮೂರೇ ಬಣ್ಣದಲ್ಲಿ ಬರೆದೆ. ಯಾವುದನ್ನೂ ಇದ್ದ ಹಾಗೆ ನಕಲು ಮಾಡಲು ಆಗುತ್ತಿರಲಿಲ್ಲ. ಪ್ರತಿಯೊಂದನ್ನೂ ಯೋಚಿಸಿ ಬದಲಾಯಿಸಬೇಕಾಗುತ್ತಿತ್ತು. ನೀವೂ ಒಂದು ತಿಂಗಳು ಮಾಡಿ ನೋಡಿ.

ಹವೆಯನ್ನು ತಿಳಿದುಕೊಂಡು ಕೂರಿ

ಜುಲೈನಲ್ಲಿ ಕರಾವಳಿಯಲ್ಲೋ ಆಗುಂಬೆಯಲ್ಲೋ ಕೂತರೆ ಒಂದು ಪದರ ಒಣಗಲು ಅರ್ಧ ಗಂಟೆಯಾದರೂ ಸಾಲದು. ಅಲ್ಲಿ ನೀರು ಕಡಿಮೆ ಬಳಸಿ, ಒಂದೇ ಪದರದಲ್ಲಿ ಮುಗಿಸಿ. ಇಲ್ಲವೆಂದರೆ ಒದ್ದೆ ಹಾಳೆಯ ಮೇಲೇ ಬಣ್ಣ ಬಿಟ್ಟು ಹರಡಲು ಬಿಡಿ, ಮಂಜಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ಇದಕ್ಕೆ ಉಲ್ಟಾ. ಬ್ರಷ್ಷು ಹಾಳೆಯ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿ, ನೆರಳಲ್ಲಿ ಕೂರಿ, ಹಾಳೆಯ ಹಿಂಬದಿಯನ್ನೂ ಒದ್ದೆ ಮಾಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕೋರೈಸಿ ಬಣ್ಣಗಳೆಲ್ಲ ಗಾಢವಾಗಿಬಿಡುತ್ತವೆ ಅನ್ನುವುದೂ ನೆನಪಿರಲಿ.

ಮನೆಗೆ ಬಂದ ಮೇಲೆ

ಮೂರು ದಿನದೊಳಗೆ ಶುರುಮಾಡಿ. ತಡವಾದಷ್ಟೂ ನೆನಪಿನ ಜಾಗಕ್ಕೆ ಫೋಟೋ ಬಂದು ಕೂರುತ್ತದೆ. ಪುಸ್ತಕ ತೆರೆದು ಮೊದಲು ಆ ಒಂದು ಸಾಲನ್ನು ದೊಡ್ಡದಾಗಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಆಮೇಲೆ ಆ ಸಾಲಿಗೆ ಬೇಡದ್ದನ್ನೆಲ್ಲ ತೆಗೆಯುತ್ತ ಬನ್ನಿ. ನನಗೆ ಬಾದಾಮಿಯ ಗುಡ್ಡ ಬಿಡಲು ಮನಸ್ಸೇ ಬರಲಿಲ್ಲ, ಅಷ್ಟು ಚೆಂದ ಇತ್ತು. ಆದರೆ ಸಾಲಿನಲ್ಲಿ ಗುಡ್ಡ ಇರಲಿಲ್ಲ. ಬಿಟ್ಟೆ.

ಹಾಳೆ 300 ಜಿಎಸ್‌ಎಂ, 15 ಇಂಚು ಉದ್ದ, 11 ಇಂಚು ಅಗಲ. ಪೆನ್ಸಿಲಿನಲ್ಲಿ ಹಗುರವಾಗಿ ಆಕಾರ ಹಾಕಿಕೊಂಡೆ. ಮೊದಲ ಪದರ ಯೆಲ್ಲೋ ಓಕರ್ ಜೊತೆ ಸ್ವಲ್ಪ ಬರ್ನ್ಟ್ ಸಿಯೆನ್ನಾ, ತುಂಬಾ ತೆಳು. ಸೀರೆ ಮತ್ತು ನೀರಿನ ಹನಿಗಳನ್ನು ಬಿಟ್ಟು ಇಡೀ ಹಾಳೆಗೆ ಹಚ್ಚಿದೆ. ಪೂರ್ತಿ ಒಣಗಲು ಬಿಟ್ಟೆ. ಎರಡನೆಯದು ಒದ್ದೆ ಮೆಟ್ಟಿಲು: ಬರ್ನ್ಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿ ಹುಣಸೆರಸದ ಬಣ್ಣ ಬರುವವರೆಗೆ. ಇಲ್ಲಿ ಅಂಚುಗಳು ಗಡುಸಾಗಿರಬೇಕು, ಅದಕ್ಕೇ ಒಣ ಹಾಳೆಯ ಮೇಲೆ. ಮೂರನೆಯದು ಹೆಂಗಸಿನ ಆಕಾರ, ಮೆಟ್ಟಿಲಿಗಿಂತಲೂ ಗಾಢ, ಅಂಚಿನಲ್ಲಿ ಮಾತ್ರ ಕೂದಲೆಳೆಯಷ್ಟು ಬಿಳಿ. ಕೊನೆಗೆ ಸೀರೆ. ನಿಂಬೆ ಹಳದಿಗೆ ಚೂರೇ ಚೂರು ನೀಲಿ, ಒಂದೇ ಪದರ, ಒಂದೇ ಸಲ. ಜಲವರ್ಣದಲ್ಲಿ ಬೆಳಕು ಬರುವುದು ಹಾಳೆಯ ಬಿಳಿಯಿಂದ. ಅದರ ಮೇಲೆ ಪದರ ಹೆಚ್ಚಾದಷ್ಟೂ ಬೆಳಕು ಕಡಿಮೆಯಾಗುತ್ತದೆ. ಮೊದಲ ಪ್ರಯತ್ನದಲ್ಲಿ ಮಡಿಕೆಗಳನ್ನು ತೋರಿಸಲು ಹೋಗಿ ಎರಡನೇ ಪದರ ಹಚ್ಚಿದೆ, ದೀಪ ಆರಿಹೋಯಿತು. ಎರಡನೆಯದರಲ್ಲಿ ಸುತ್ತಲಿನ ಕತ್ತಲು ಸಾಲಲಿಲ್ಲ. ಮೂರನೆಯ ಹಾಳೆಯಲ್ಲಿ ಕೂತಿತು. ಮೂರು ಹಾಳೆ ಖರ್ಚಾಗುವುದು ಮಾಮೂಲು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಕೂರಿ.

ಏನೂ ಸಿಗದೆ ಬಂದ ಪ್ರವಾಸಗಳೂ ಇರುತ್ತವೆ. ಆಗ ಹಳೇ ಪುಸ್ತಕಗಳನ್ನು ತೆಗೆದು ಓದಿ. ಎರಡು ವರ್ಷದ ಹಿಂದಿನ ಒಂದು ಸಾಲು ಇವತ್ತು ಬೇರೆಯಾಗಿ ಕಾಣಬಹುದು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಇದೆ. ಅವರು ಊಟಿಯ ಬೆಟ್ಟ, ಕೆರೆ, ಮಂಜನ್ನು ಜಲವರ್ಣದಲ್ಲಿ ಬರೆದ ಚಿತ್ರಗಳನ್ನು ಸಿಕ್ಕಾಗ ತಪ್ಪದೆ ನೋಡಿ. ಒಂದು ಹೊತ್ತಿನ ಬೆಳಕನ್ನು ಹಿಡಿಯಲು ಎಷ್ಟು ತಾಳ್ಮೆ ಬೇಕು ಅಂತ ಅವುಗಳ ಮುಂದೆ ನಿಂತಾಗ ತಿಳಿಯುತ್ತದೆ.

ಚಿತ್ರ ಮುಗಿದ ಮೇಲೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ತಾರೀಕು, ಹೊತ್ತು, ಆ ಒಂದು ಸಾಲು ಇಷ್ಟನ್ನೂ ಬರೆದಿಡಿ. ಯಾರಿಂದ ಚಿತ್ರ ಬಂತೋ ಅವರಿಗೆ ಒಂದು ಪ್ರತಿ ತಲುಪಿಸಲು ನೋಡಿ. ಕಲರ್ ಪ್ರಿಂಟ್ ತೆಗೆಸಲು ಹೆಚ್ಚು ಖರ್ಚಿಲ್ಲ. ನಾನು ಮರುವರ್ಷ ಬಾದಾಮಿಗೆ ಹೋದಾಗ ಪ್ರಿಂಟ್ ಒಯ್ದಿದ್ದೆ. ಅದೇ ಮೆಟ್ಟಿಲ ಮೇಲೆ ಅವರು ಸಿಕ್ಕರು. ಕೈ ಒರೆಸಿಕೊಂಡು ಪ್ರಿಂಟನ್ನು ಹಿಡಿದು ಬಹಳ ಹೊತ್ತು ನೋಡಿದರು. ‘ಮಾರಿ ತಗದಿಲ್ಲ ನೋಡು’ ಅಂತ ಪಕ್ಕದವರಿಗೆ ತೋರಿಸಿದರು. ಆಮೇಲೆ ಸೀರೆಯ ಮೇಲೆ ಬೆರಳಿಟ್ಟು ‘ಈ ಹಸರ ಸೀರಿ ನಮ್ಮವ್ವಂದ್ರೀ’ ಅಂದರು. ಮನೆಗೆ ಬಂದು ಮೂಲ ಚಿತ್ರದ ಹಿಂಬದಿಯಲ್ಲಿ, ತಾರೀಕಿನ ಕೆಳಗೆ, ಅದನ್ನೂ ಬರೆದಿಟ್ಟೆ.